ಟಗರಿನ ಪಥ್ಯ ಹಿಡಿದ ಮಾಲಿಂಗಪ್ಪ

ಕೌಜಲಗಿಯ ಮಾಲಿಂಗಪ್ಪನನ್ನು ಬಲ್ಲವರಲ್ಲಿ ಎರಡು ಬಗೆ. ತಮ್ಮ ಹೊಲದಲ್ಲಿ ಅವನ ಕುರಿ ಹಿಂಡು ನಿಲ್ಲಿಸಿಕೊಂಡು ಗೊಬ್ಬರ ಮಾಡಿಕೊಂಡವರು ಒಂದು. ತಮ್ಮ ಟಗರಿನ ಬೀಜ ಒಡೆಸಲು ಅವನನ್ನು ಹುಡುಕಿಕೊಂಡು ಅಲೆದವರು ಇನ್ನೊಂದು. ನಾನು ಎರಡಕ್ಕೂ ಸೇರಿದವನಲ್ಲ. ಪಶು ಇಲಾಖೆಯ ಪರಿವೀಕ್ಷಕನಾಗಿ ಮೂಡಲಗಿ ಕಡೆ ಬಂದಾಗ ನನಗೆ ಒಪ್ಪಿಸಿದ ಕೆಲಸಗಳಲ್ಲಿ ಒಂದು, ಅವನಂಥವರ ಕೈಯಿಂದ ಆ ವಿದ್ಯೆ ಬಿಡಿಸುವುದೇ ಆಗಿತ್ತು.

ಪೇಟೆಯವರಿಗಾಗಿ ಇಲ್ಲಿ ಸ್ವಲ್ಪ ಬಿಡಿಸಿ ಹೇಳಬೇಕು. ಮರಿ ಟಗರು ಬೆಳೆದು ಮದಕ್ಕೆ ಬರುವ ಮೊದಲೇ ಅದರ ಬೀಜಕ್ಕೆ ಹೋಗುವ ನರ ಜಜ್ಜಿಬಿಟ್ಟರೆ ಅದು ಮೈ ಹಿಡಿಯುತ್ತದೆ, ಗುದ್ದಾಟಕ್ಕೆ ಹೋಗುವುದಿಲ್ಲ, ಮಾಂಸಕ್ಕೆ ಟಗರಿನ ನಾತ ಹತ್ತುವುದಿಲ್ಲ. ಮಾಲಿಂಗಪ್ಪ ಈ ಕೆಲಸವನ್ನು ಎರಡು ಕಟ್ಟಿಗೆ ತುಂಡುಗಳಿಂದ ಮಾಡುತ್ತಿದ್ದ. ಇಲಾಖೆ ನನ್ನ ಕೈಗೆ ಕೊಟ್ಟಿದ್ದು ಒಂದು ದೊಡ್ಡ ಕಬ್ಬಿಣದ ಇಕ್ಕಳ. ಅರಭಾವಿಯ ಹತ್ತಿರ ಹೊಲವೊಂದರಲ್ಲಿ ಹತ್ತಾರು ಕುರುಬರನ್ನು ಕೂಡಿಸಿ ಅದನ್ನು ತೋರಿಸುತ್ತ ನಾನು ಭಾಷಣ ಬಿಗಿಯುವಾಗ, ಹಿಂದೆ ಕುಂತಿದ್ದ ಮಾಲಿಂಗಪ್ಪ ಎದ್ದು ಬಂದು ನನ್ನ ಕೈಯಿಂದ ಇಕ್ಕಳ ತೆಗೆದುಕೊಂಡ. ತಿರುಗಿಸಿ ನೋಡಿದ. ಒಂದು ಮರಿಗೆ ತಾನೇ ಹಾಕಿ ನೋಡಿದ.

"ಚಲೋ ಐತ್ರಿ ಸಾಹೇಬ್ರ. ರಕ್ತ ಬರಂಗಿಲ್ಲ," ಅಂದ. ಆಮೇಲೆ ಆ ಇಕ್ಕಳವನ್ನು ಕಂಬಳಿಯೊಳಗೆ ಸುತ್ತಿಕೊಂಡು ಹೋದವನು ವರ್ಷವಾದರೂ ತಿರುಗಿ ಕೊಡಲಿಲ್ಲ. ಸರಕಾರಿ ಸಾಮಾನು ಎಲ್ಲಿ ಎಂದು ಮೇಲಿನವರು ಕೇಳಿದಾಗಲೆಲ್ಲ ನಾನು ಹುಕ್ಕೇರಿ ಕಡೆ ಕ್ಯಾಂಪಿನಲ್ಲಿದೆ ಎನ್ನುತ್ತಿದ್ದೆ. ಅದು ಸುಳ್ಳೂ ಆಗಿರಲಿಲ್ಲ. ಮಳೆಗಾಲ ಮುಗಿದ ಮೇಲೆ ಅವನ ಹಿಂಡು ಹುಕ್ಕೇರಿಯ ಗುಡ್ಡಗಳ ಕಡೆಗೇ ಹೋಗುತ್ತಿತ್ತು, ಹಿಂಡಿನ ಜೊತೆಗೆ ಇಕ್ಕಳವೂ.

ಹೀಗೆ ಶುರುವಾದ ಪರಿಚಯ ಗಟ್ಟಿಯಾಯಿತು. ನಾನು ನಿವೃತ್ತನಾಗಿ ಗೋಕಾಕದಲ್ಲಿ ಮನೆ ಮಾಡಿದ ಮೇಲೂ ಕಬ್ಬು ಕಡಿಯುವ ದಿನಗಳಲ್ಲಿ ಅವನು ಕೊಣ್ಣೂರಿನ ಹತ್ತಿರ ಹಿಂಡು ಇಳಿಸಿದರೆ ನಾನು ಹೋಗಿ ಕುಂತು ಬರುತ್ತಿದ್ದೆ. ಮಾಲಿಂಗಪ್ಪ ಎತ್ತರದ ಆಳು, ಮೈಯಲ್ಲಿ ಬೊಜ್ಜು ಎಂಬುದಿಲ್ಲ, ಮಾತು ಕಡಿಮೆ. ಕುರುಬರೊಳಗೆ ಹುಲ್ಲುಗಾವಲಿನ ಜಗಳ ಎದ್ದರೆ ಅವನನ್ನು ಕರೆಸುತ್ತಿದ್ದರು. ಅವನು ಇಬ್ಬರ ಮಾತನ್ನೂ ಕೇಳಿ, ಕಡೆಗೆ ಒಂದೇ ಮಾತು ಹೇಳುತ್ತಿದ್ದ. ಅದರ ಮೇಲೆ ಇನ್ನೊಬ್ಬರು ಬಾಯಿ ತೆಗೆಯುತ್ತಿರಲಿಲ್ಲ. ಆ ಒಂದು ಮಾತಿನ ಮೇಲೆ ಅವನಿಗೆ ಬಹಳ ಅಭಿಮಾನವಿತ್ತು ಎಂದು ನನಗೆ ಗೊತ್ತಾದದ್ದು ತಡವಾಗಿ.

ಒಂದು ಸಲ ಕೊಣ್ಣೂರಿನಲ್ಲಿ ಚಹಾ ಕುಡಿಯುತ್ತ ಕುಂತಾಗ ಅವನು ಎದ್ದು ಬೇಲಿಯ ಆಚೆ ಹೋದ. ಅವನ ಚಹಾ ಆರಿ ಕೆನೆಗಟ್ಟಿತು, ಮನುಷ್ಯ ಬರಲಿಲ್ಲ. ಬಂದಾಗ ಮುಖ ಬಿಗಿದಿತ್ತು. ಕೇಳಿದರೆ, ಉಚ್ಚಿ ಸಲೀಸಾಗಿ ಬರುವುದಿಲ್ಲ, ರಾತ್ರಿ ನಾಕೈದು ಸಲ ಏಳಬೇಕು, ಹರಳು ಆಗಿರಬೇಕು, ಹುರಳಿ ಕಟ್ಟು ಕುಡಿಯುತ್ತಿದ್ದೇನೆ ಎಂದ. ಸೊಂಟ ನೋವು? ಅದು ಮರಿ ಹೊತ್ತು ಹೊತ್ತು ಬಂದದ್ದಂತೆ. ದನಗಳ ಆಸ್ಪತ್ರೆಯಲ್ಲಿ ಆಯುಷ್ಯ ಕಳೆದವನು ನಾನು. ವಯಸ್ಸಾದ ಪ್ರಾಣಿ ಹೀಗೆ ನಿಂತಲ್ಲೇ ನಿಂತು ತಿಣುಕುವುದನ್ನು ಕಂಡರೆ ಬಿಡುವುದಿಲ್ಲ. ಎರಡು ದಿನ ಜಗಳಾಡಿ ಅವನನ್ನು ಗೋಕಾಕದ ಒಂದು ದವಾಖಾನೆಗೆ ಕರೆದುಕೊಂಡು ಹೋದೆ. ಅವನ ಮಗ ಸಿದ್ರಾಯ ಹಿಂಡಿನ ಹತ್ತಿರ ನಿಂತ.

ಬೆಳಗಾವಿಯಿಂದ ವಾರಕ್ಕೊಮ್ಮೆ ಅಲ್ಲಿಗೆ ಬರುವ ಮೂತ್ರರೋಗದ ಡಾಕ್ಟರು ಶಿವಕುಮಾರ. ವಯಸ್ಸು ಚಿಕ್ಕದು, ಮಾತು ನಿಧಾನ. ರಕ್ತ ತೆಗೆಸಿದರು, ಆ ಗ್ರಂಥಿಯ ಚೂರು ತೆಗೆಸಿ ಪರೀಕ್ಷೆಗೆ ಕಳಿಸಿದರು, ಎಲುಬಿನ ಚಿತ್ರ ತೆಗೆಸಲು ಬೆಳಗಾವಿಗೆ ಓಡಾಡಿಸಿದರು. ಕಡೆಗೆ ನಮ್ಮಿಬ್ಬರನ್ನೂ ಎದುರಿಗೆ ಕೂಡಿಸಿಕೊಂಡು ಮುಚ್ಚುಮರೆಯಿಲ್ಲದೆ ಹೇಳಿದರು: ಪ್ರಾಸ್ಟೇಟ್ ಗ್ರಂಥಿಯ ಕ್ಯಾನ್ಸರು. ಸೊಂಟದ ಎಲುಬಿಗೂ, ಬೆನ್ನಿನ ಎಲುಬಿಗೂ ಹಬ್ಬಿದೆ.

ಮಾಲಿಂಗಪ್ಪ ಸ್ವಲ್ಪ ಹೊತ್ತು ತನ್ನ ಕೈ ನೋಡಿಕೊಂಡ. ಆಮೇಲೆ, "ಯಾತಕ್ಕ ಬಂತ್ರಿ ಇದು?" ಎಂದು ಕೇಳಿದ.

"ಇದರಿಂದನ ಬಂತು ಅಂತ ಹೇಳಾಕ ಬರಂಗಿಲ್ಲ ಅಜ್ಜಾರ. ವಯಸ್ಸು ಒಂದು ದೊಡ್ಡದು. ಅಪ್ಪಗೋ ಅಣ್ಣಗೋ ಇತ್ತಂದ್ರ ಅದೊಂದು. ಕೊಬ್ಬು ಭಾಳ ತಿನ್ನೋದು, ಕರಕಾಗೋ ಹಂಗ ಸುಟ್ಟ ಮಾಂಸ ತಿನ್ನೋದು, ಮೈ ದಪ್ಪ ಆಗೋದು, ಇವೆಲ್ಲ ಸ್ವಲ್ಪ ಸ್ವಲ್ಪ ಕೂಡಿಸಬಹುದು ಅಂತಾರ. ಪಕ್ಕಾ ಅಂತ ಯಾರೂ ಹೇಳಿಲ್ಲ. ಆ ಗ್ರಂಥಿಯೊಳಗ ವರ್ಷಗಟ್ಟಲೆ ಸಣ್ಣಂಗ ಬಾವು ಇದ್ರ ಅದೂ ಕಾರಣ ಇರಬಹುದು. ನಿಮಗ ಯಾವುದು ತಂತು ಅನ್ನೋದು ದೇವರಿಗೂ ಗೊತ್ತಿರಾಕಿಲ್ಲ."

"ಮತ್ತ ಗೊತ್ತಿದ್ದದ್ದು ಏನೈತ್ರಿ?"

ಡಾಕ್ಟರಿಗೆ ಈ ಪ್ರಶ್ನೆ ಹಿಡಿಸಿತೆಂದು ಕಾಣುತ್ತದೆ. ಕುರ್ಚಿ ಮುಂದೆ ಸರಿಸಿದರು. "ಬಂದ್ ಮ್ಯಾಲ ಇದು ಯಾತರ ಮ್ಯಾಲ ಬೆಳೀತೈತಿ ಅನ್ನೋದು ಗೊತ್ತೈತಿ. ಗಂಡಸಿನ ಹಾರ್ಮೋನು. ಅದು ರಕ್ತದಾಗ ಇರೂತನಕ ಇದು ಬೆಳೀತೈತಿ. ಅದನ್ನ ನಿಲ್ಲಿಸಿದ್ರ ಕುಗ್ಗತೈತಿ."

"ಟಗರಿಗೆ ಮದ ಬರೋದು ಅದರಿಂದನ ಏನ್ರಿ?"

"ಹೂಂ, ಅದರಿಂದನ."

ನಿಲ್ಲಿಸಲು ದಾರಿ ಎರಡು ಎಂದರು ಡಾಕ್ಟರು. ಒಂದು, ತಿಂಗಳುಗಳ ಲೆಕ್ಕದಲ್ಲಿ ಸೂಜಿ, ಬದುಕಿರುವತನಕ. ಇನ್ನೊಂದು, ಸಣ್ಣ ಆಪರೇಶನ್ನು ಮಾಡಿ ಬೀಜ ತೆಗೆದುಬಿಡುವುದು. ಎರಡರಿಂದಲೂ ಆಗುವುದು ಒಂದೇ. ಅದರ ಜೊತೆಗೆ ಗುಳಿಗೆ. ಮಾಡಿಸದಿದ್ದರೆ ಬೆನ್ನೆಲುಬಿನಲ್ಲಿ ಇದು ಬೆಳೆದು ನರ ಒತ್ತಬಹುದು, ಒತ್ತಿದರೆ ಕಾಲು ಹೋಗುತ್ತವೆ. ಹೋದ ಕಾಲು ತಿರುಗಿ ಬರುತ್ತವೆಂಬ ಭರವಸೆಯಿಲ್ಲ. ವರ್ಷದ ಅರ್ಧ ಕಾಲ ಹಿಂಡಿನ ಹಿಂದೆ ನಡೆದೇ ಬದುಕಿದವನಿಗೆ ಈ ಮಾತು ಹೇಗೆ ತಾಕಿರಬೇಕು ಎಂದು ನಾನು ಅವನ ಮುಖ ನೋಡಿದೆ. ಅಲ್ಲಿ ಏನೂ ಕಾಣಲಿಲ್ಲ.

ಹೊರಗೆ ಬಂದು ಬೇವಿನ ಗಿಡದ ಕೆಳಗೆ ನಿಂತಾಗ ಅವನು ಬಾಯಿ ಬಿಟ್ಟ. "ಸಾಹೇಬ್ರ, ಬ್ಯಾರೆಯವರಿಗೆ ಇದು ಬರೇ ಮಾತು. ನಾ ಕಣ್ಣಿಲೆ ಕಂಡೀನಿ. ಒಡದ ಟಗರು ಇನ್ನೊಂದಕ್ಕ ಎದುರು ನಿಲ್ಲಂಗಿಲ್ಲ. ಕುರಿ ಸೈತ ಅದನ್ನ ಬಾಜೂಕ ಸರಿಸಿ ಮೇವಿಗೆ ಬಾಯಿ ಹಾಕತಾವ. ಅದರ ದನಿ ಕೇಳೀರೇನು? ನಾಳೆ ಪಂಚರೊಳಗ ನಾ ಒಂದು ಮಾತು ಹೇಳಿದ್ರ, ಯಾರು ಕೇಳತಾರ?"

"ಹಂಗಾರ ಸೂಜಿ ಮಾಡಿಸ್ಕೋ."

"ಸೂಜಿಲೆ ಒಡದ್ರೂ ಒಡದಂಗ ಅಲ್ರಿ?"

ತಪ್ಪು ಎನ್ನುವಂತಿರಲಿಲ್ಲ. ಮನುಷ್ಯ ಟಗರಲ್ಲ, ಇಷ್ಟು ವಯಸ್ಸಿನ ಮೇಲೆ ದನಿ ಒಡೆಯುವುದಿಲ್ಲ, ನ್ಯಾಯ ಹೇಳುವುದು ಬೀಜದಿಂದಲ್ಲ ತಲೆಯಿಂದ ಎಂದೆಲ್ಲ ಹೇಳಿದೆ. ಅವನು ವಿನಯದಿಂದ ಕೇಳಿಸಿಕೊಂಡ. ವಿನಯದಿಂದ ಕೇಳಿಸಿಕೊಂಡನೆಂದರೆ ಒಪ್ಪಲಿಲ್ಲವೆಂದೇ ಅರ್ಥ.

ಸುದ್ದಿ ಊರಿಗೆ ಹಬ್ಬಿತು. ನೋಡಲು ಬಂದವರು ಬರಿಗೈಲಿ ಬರಲಿಲ್ಲ, ಒಬ್ಬೊಬ್ಬರೂ ಒಂದೊಂದು ಕಾರಣ ತಂದರು. ಮಾಂಸ ತಿಂದದ್ದೇ ಕಾರಣ ಎಂದ ಒಬ್ಬ. ಕುರುಬರ ಮನೆಯಲ್ಲಿ ದಿನಾ ಮಾಂಸ ಬೇಯುತ್ತದೆಂದು ತಿಳಿದಿರುವ ಜನ ಇನ್ನೂ ಇದ್ದಾರೆ. ಮಾಲಿಂಗಪ್ಪ ಉಂಡದ್ದು ಜೋಳದ ರೊಟ್ಟಿ, ಪುಂಡಿ ಪಲ್ಲೆ, ಮಜ್ಜಿಗೆ. ಹಬ್ಬಕ್ಕೋ ಜಾತ್ರೆಗೋ ಮಾಂಸ. ಕೆಂಡದ ಮೇಲೆ ಕರುಳು ಸುಟ್ಟು ತಿನ್ನುವುದೊಂದು ಅವನಿಗೆ ಜೀವ, ಅದು ಖರೆ. ಇನ್ನೊಬ್ಬ ಕಬ್ಬಿಗೆ ಹೊಡೆಯುವ ಔಷಧ ಎಂದ, ಮತ್ತೊಬ್ಬ ಅಂಗಡಿ ಎಣ್ಣೆ ಎಂದ. ಓಣಿಯ ಯಲ್ಲಕ್ಕ ಮಾತ್ರ ಎಲ್ಲರಿಗಿಂತ ಮುಂದೆ ಹೋಗಿ, ಇಷ್ಟು ಮೂಕ ಪ್ರಾಣಿಗಳ ಬೀಜ ಒಡೆದ ಪಾಪ ಸುಮ್ಮನೆ ಬಿಟ್ಟೀತೇ ಎಂದಳು, ಅದೂ ಅವನ ಎದುರಿಗೇ.

ನನಗೆ ಮೈಯೆಲ್ಲ ಉರಿಯಿತು. ಬೀಜ ಒಡೆದವರಿಗೆಲ್ಲ ಈ ರೋಗ ಬರುವುದಾದರೆ ನಮ್ಮ ಇಲಾಖೆಯಲ್ಲಿ ಪಿಂಚಣಿ ತೆಗೆದುಕೊಳ್ಳಲು ಒಬ್ಬನೂ ಉಳಿಯುತ್ತಿರಲಿಲ್ಲ ಎಂದೆ. ಮಾಂಸದ ಮಾತು ಎತ್ತಿದವನಿಗೆ ನನ್ನ ಕಾಕಾ ಅವರ ಕಥೆ ಹೇಳಿದೆ. ಜೀವಮಾನದಲ್ಲಿ ಉಳ್ಳಾಗಡ್ಡಿ ಕೂಡ ಮುಟ್ಟಿದವರಲ್ಲ, ಏಕಾದಶಿ ತಪ್ಪಿಸಿದವರಲ್ಲ. ಇದೇ ರೋಗದಲ್ಲಿ ಹೋದರು. ಜನರಿಗೆ ಒಂದು ಕಾರಣ ಬೇಕು. ಕಾರಣ ಸಿಕ್ಕರೆ, ಅದನ್ನು ತಾವು ಮಾಡಿಲ್ಲ, ಹಾಗಾಗಿ ತಮಗೆ ಬರುವುದಿಲ್ಲ ಎಂದು ಸಮಾಧಾನದಿಂದ ಮನೆಗೆ ಹೋಗಬಹುದು.

ಈ ಎಲ್ಲ ಗದ್ದಲದಲ್ಲಿ ಮಾಲಿಂಗಪ್ಪ ತನ್ನದೇ ದಾರಿ ಕಂಡುಕೊಂಡಿದ್ದ. ಅದು ನನಗೆ ತಿಳಿದದ್ದು ಒಂದು ತಿಂಗಳ ಮೇಲೆ ಕೌಜಲಗಿಗೆ ಹೋದಾಗ. ಊಟದ ಹೊತ್ತು. ಅವನ ಹೆಂಡತಿ ದುಂಡವ್ವ ನನಗೆ ಎಂದಿನಂತೆ ಹಾಲು, ಬಾಳೆಹಣ್ಣು ತಂದಿಟ್ಟಳು. ಅವನ ಮುಂದೆ ಒಂದು ಬಟ್ಟಲು ನೀರು ನೀರಾದ ಜೋಳದ ಅಂಬಲಿ. ಉಪ್ಪಿಲ್ಲ, ಮಜ್ಜಿಗೆಯಿಲ್ಲ. ಅದನ್ನು ಕುಡಿದು ಕೈ ತೊಳೆದ.

"ಇಷ್ಟನಾ?"

"ಇಷ್ಟ. ಮುಂಜಾನೆ ಇದ, ಸಂಜಿಗೆ ಇದ."

"ಯಾರು ಹೇಳಿದ್ರು?"

ಮಾಲಿಂಗಪ್ಪ ನಕ್ಕ. ರೋಗ ಗೊತ್ತಾದ ಮೇಲೆ ಅವನು ನಕ್ಕದ್ದನ್ನು ನಾನು ನೋಡಿದ್ದು ಅದೇ ಮೊದಲು. "ಯಾರರೆ ಹೇಳಬೇಕೇನ್ರಿ? ಟಗರಿಗೆ ಮದ ಏರಬೇಕಂದ್ರ ನಾವು ಏನ್ ಮಾಡತೀವಿ? ಕಾಳು ಹಾಕತೀವಿ, ಹಿಂಡಿ ಹಾಕತೀವಿ. ಇಳೀಬೇಕಂದ್ರ? ಮೇವು ಕಡಿಮಿ ಮಾಡತೀವಿ. ಎಂಟ ದಿನದಾಗ ತಲಿ ಕೆಳಗ ಹಾಕತೈತಿ, ಕುರಿ ಕಡೆ ಹೊಳ್ಳಿ ನೋಡಂಗಿಲ್ಲ. ಡಾಕ್ಟರ ಏನಂದ್ರು? ಮದ ಇಳಿಸಬೇಕು ಅಂದ್ರು. ಅದಕ್ಕ ಕೊಯ್ಯೂದು ಯಾಕ ಬೇಕು?"

ಟಗರಿನ ಮಟ್ಟಿಗೆ ಅವನ ಮಾತಿನಲ್ಲಿ ಹುರುಳಿತ್ತು. ಮೇವು ಕಡಿಮೆಯಾದರೆ ಟಗರಿನ ಮದ ಇಳಿಯುವುದನ್ನು ನಾನೂ ನೋಡಿದ್ದೇನೆ. ಆದರೆ ಇಳಿಯುವುದು ಬೇರೆ, ನಿಲ್ಲುವುದು ಬೇರೆ. ಕ್ಯಾನ್ಸರಿಗೆ ಬೇಕಾದಷ್ಟು ಹಾರ್ಮೋನು ಉಪವಾಸದ ಮೈಯಲ್ಲೂ ಇದ್ದೇ ಇರುತ್ತದೆ. ಅಂಬಲಿಯಿಂದ ಸೊರಗುವುದು ಮಾಂಸಖಂಡ, ರೋಗವಲ್ಲ. ಇದನ್ನು ಒಳ್ಳೆಯ ಮಾತಿನಲ್ಲಿ ಹೇಳಿದೆ, ಆಮೇಲೆ ಕೆಟ್ಟ ಮಾತಿನಲ್ಲೂ ಹೇಳಿದೆ. ಡಾಕ್ಟರಿಗೆ ಫೋನ್ ಹಚ್ಚಿ ಅವನ ಕಿವಿಗೆ ಕೊಟ್ಟೆ.

ಡಾಕ್ಟರು ಬೈಯಲಿಲ್ಲ. ಕೊಬ್ಬು, ಕರಕು ಮಾಂಸ ಬಿಟ್ಟದ್ದು ಒಳ್ಳೆಯದೇ, ಕಾಯಿಪಲ್ಲೆ ಕಾಳು ಚೆನ್ನಾಗಿ ತಿನ್ನಿ, ಆದರೆ ಉಪವಾಸ ಬೇಡ. ಊಟ ಚಿಕಿತ್ಸೆಗೆ ಬಲ ಕೊಡುತ್ತದೆ, ಚಿಕಿತ್ಸೆಯ ಜಾಗದಲ್ಲಿ ನಿಲ್ಲುವುದಿಲ್ಲ ಎಂದರೆಂದು ಅವರೇ ಆಮೇಲೆ ನನಗೆ ತಿಳಿಸಿದರು. ಮಾಲಿಂಗಪ್ಪ ಎಲ್ಲಕ್ಕೂ "ಹೂನ್ರಿ" ಎಂದು ಫೋನ್ ಇಟ್ಟ.

"ಏನಂದ್ರು?"

"ಮಾಂಸ ಬಿಟ್ಟದ್ದು ಚಲೋ ಆತು ಅಂದ್ರು."

ಉಳಿದದ್ದು ಅವನ ಕಿವಿಗೆ ಬಿದ್ದಿರಲಿಲ್ಲ. ನಾನು ಎದ್ದು ಚಪ್ಪಲಿ ಮೆಟ್ಟಿದೆ. ಸಾಯುವವನನ್ನು ತಡೆಯಲು ನಾನು ಯಾರು ಎಂದು ಸಿಟ್ಟಿನಲ್ಲಿ ಅಂದೇಬಿಟ್ಟೆ. ಬಾಗಿಲ ಹತ್ತಿರ ನಿಂತಿದ್ದ ದುಂಡವ್ವ ನನ್ನ ಮುಖ ನೋಡಿದಳು. ಈ ಎಲ್ಲ ಮಾತುಕತೆಯಲ್ಲಿ ಅವಳನ್ನು ಯಾರೂ ಏನೂ ಕೇಳಿರಲಿಲ್ಲ. ಅವಳ ಹೊಟ್ಟೆಯಲ್ಲಿ ಏನಿತ್ತೋ, ಅವಳೂ ಹೇಳಲಿಲ್ಲ.

ಮೊದಮೊದಲು ಅವನು ಹಗುರಾದ. ಉಬ್ಬಸವಿಲ್ಲದೆ ನಡೆಯುತ್ತೇನೆ ಎಂದು ಹೇಳಿಕೊಂಡ. ಉಚ್ಚಿಗೆಂದು ಡಾಕ್ಟರು ಮೊದಲೇ ಕೊಟ್ಟಿದ್ದ ಗುಳಿಗೆಯಿಂದ ಅದು ಸಲೀಸಾಗಿತ್ತು. ಅದರ ಕೀರ್ತಿಯನ್ನು ಅಂಬಲಿಗೆ ಕೊಟ್ಟ. ಮಳೆಗಾಲ ಮುಗಿಯುತ್ತಲೂ, ಮಗ ಬೇಡ ಬೇಡವೆಂದರೂ, ಹಿಂಡಿನ ಜೊತೆ ಹುಕ್ಕೇರಿ ಕಡೆ ಹೊರಟ. ಅಷ್ಟರಲ್ಲಿ ಅವನ ಕೆನ್ನೆ ಒಳಗೆ ಹೋಗಿತ್ತು, ಕಂಬಳಿ ಹೆಗಲ ಮೇಲೆ ನಿಲ್ಲುತ್ತಿರಲಿಲ್ಲ. ದಾರಿಯಲ್ಲಿ ಕಂಡವರು ಯಾರೋ ನನಗೆ ಹೇಳಿದರು, ಮಾಲಿಂಗಪ್ಪ ಹಿಂಡಿನ ಮುಂದೆ ಅಲ್ಲ, ಹಿಂದೆಯೂ ಅಲ್ಲ, ಎಷ್ಟೋ ದೂರದಲ್ಲಿ ಒಬ್ಬನೇ ಬಡಿಗೆ ಊರಿಕೊಂಡು ಬರುತ್ತಿದ್ದ ಎಂದು.

ಹುಕ್ಕೇರಿಯ ಈಚೆಗೆ ಒಂದು ಬೆಳಗ್ಗೆ ಅವನು ಒಡ್ಡು ದಾಟಲು ಕಾಲೆತ್ತಿದ. ಕಾಲು ಏಳಲಿಲ್ಲ. ಬಿದ್ದದ್ದು ಮೆತ್ತಗಿನ ಮಣ್ಣಿನ ಮೇಲೆ, ಪೆಟ್ಟಾಗಲಿಲ್ಲ. ಆದರೆ ಏಳಲು ಆಗಲಿಲ್ಲ. ಸೊಂಟದ ಕೆಳಗೆ ಜೋಮು ಹಿಡಿದಂತೆ, ತನ್ನ ಕಾಲು ಬೇರೆ ಯಾರದೋ ಎಂಬಂತೆ ಅನಿಸಿತಂತೆ. ಸಿದ್ರಾಯ ಬಂದು ಎತ್ತುವಷ್ಟರಲ್ಲಿ ಹಿಂಡು ಆಚೆಯ ಹೊಲಕ್ಕೆ ಹೋಗಿತ್ತು. ಒಬ್ಬರ ಜೀಪಿನಲ್ಲಿ ಹಾಕಿಕೊಂಡು ಬೆಳಗಾವಿಗೆ ಒಯ್ದರು. ನಾನು ದುಂಡವ್ವನನ್ನು ಕರೆದುಕೊಂಡು ಮಧ್ಯಾಹ್ನದೊಳಗೆ ಹೋಗಿ ಮುಟ್ಟಿದೆ.

ಡಾಕ್ಟರು ಶಿವಕುಮಾರ ಅವನ ಕಾಲ ಬೆರಳುಗಳನ್ನು ಅಲುಗಾಡಿಸಲು ಹೇಳಿ ನೋಡಿದರು. ಸ್ವಲ್ಪ ಅಲುಗಾಡಿದವು. ನನ್ನನ್ನೂ ಸಿದ್ರಾಯನನ್ನೂ ಬಾಜೂಕ ಕರೆದರು. ರಕ್ತದ ಪರೀಕ್ಷೆಯ ಅಂಕಿ ಮೊದಲಿಗಿಂತ ಎಷ್ಟೋ ಪಟ್ಟು ಏರಿದೆ, ಬೆನ್ನಿನ ನರ ಒತ್ತಲು ಹತ್ತಿದೆ, ಪೂರಾ ಒತ್ತಿಲ್ಲ. ಬೆನ್ನಿಗೆ ಕರೆಂಟು, ಅಂದರೆ ವಿಕಿರಣ, ಕೊಡುವುದನ್ನು ಇಂದೇ ಶುರು ಮಾಡಬೇಕು, ಅದರ ಜೊತೆಗೆ ಹಾರ್ಮೋನು ಇಂದೇ ಇಳಿಯಬೇಕು. ಕೆಲವು ಸೂಜಿಗಳಲ್ಲಿ ಅದು ಮೊದಲು ಏರಿ ಆಮೇಲೆ ಇಳಿಯುತ್ತದೆ, ಅಷ್ಟು ಪುರಸೊತ್ತಿಲ್ಲ. ಆಪರೇಶನ್ನು ಮಾಡಿದರೆ ಬೆಳಗಾಗುವುದರೊಳಗೆ ಇಳಿದಿರುತ್ತದೆ.

"ಅವರು ಒಪ್ಪಬೇಕು. ನಾಳೆ ಒಪ್ಪಿದ್ರ ಉಪಯೋಗ ಆಗೂದಿಲ್ಲ," ಅಂದರು.

ಸಿದ್ರಾಯ ತಂದೆಯ ಹಾಸಿಗೆಯ ಹತ್ತಿರ ಹೋಗಿ ನಿಂತ. ಮಗನಾದವನು ತಂದೆಗೆ ಆ ಮಾತು ಹೇಗೆ ಹೇಳಿಯಾನು? ನಾನು ಹೇಳಿದೆ. ಮಾಲಿಂಗಪ್ಪ ಗೋಡೆಯ ಕಡೆ ಮುಖ ತಿರುಗಿಸಿದ. ನನಗೆ ಹೆದರಿಕೆಯಾಯಿತು. ಸಿಟ್ಟು ಮಾಡುವುದಕ್ಕೂ ಮನಸ್ಸು ಬರಲಿಲ್ಲ.

ಕಾಸೀಮಸಾಬ ಬಂದದ್ದು ಆ ಹೊತ್ತಿಗೆ. ಗೋಕಾಕದ ಮಾಂಸದ ವ್ಯಾಪಾರಿ. ಮಾಲಿಂಗಪ್ಪ ಒಡೆದು ಬೆಳೆಸಿದ ಟಗರುಗಳನ್ನು ವರ್ಷಗಟ್ಟಲೆ ಕೊಂಡವನು ಇವನೇ. ಬೀಜ ಒಡೆದ ಟಗರಿಗೆ ಅವನ ಬಾಯಲ್ಲಿ ಖಸ್ಸಿ ಎಂದು ಹೆಸರು. ಮಾಲಿಂಗಪ್ಪ ಮಾಂಸ ಬಿಟ್ಟನೆಂದು ಕೇಳಿ ತನ್ನ ಅಂಗಡಿಗೇ ಅಪಮಾನವಾಯಿತೆಂಬಂತೆ ಮುನಿಸಿಕೊಂಡಿದ್ದ, ಸುದ್ದಿ ಕೇಳಿದ ಕೂಡಲೇ ಬಸ್ಸು ಹತ್ತಿ ಬಂದಿದ್ದ. ಹಾಸಿಗೆಯ ಅಂಚಿಗೆ ಕುಂತು ಸಂಗತಿ ಕೇಳಿಸಿಕೊಂಡ, ಅಂಬಲಿಯ ವಿಚಾರವನ್ನೂ.

"ಮಾಲಿಂಗಣ್ಣಾ," ಅಂದ, "ಮಳಿ ಕೈಕೊಟ್ಟ ವರ್ಷ ನನಗ ಎರಡು ಟಗರು ಕೊಟ್ಟಿದ್ದಿ. ಬೀಜ ಒಡೀದಂಥವು. ನೆನಪೈತೇನು?"

ಮಾಲಿಂಗಪ್ಪ ಗೋಡೆಯ ಕಡೆಯಿಂದಲೇ, "ಹೂಂ. ಮೇವ ಇರಲಿಲ್ಲ," ಎಂದ.

"ಎಲುಬು ಎಣಿಸಬಹುದಿತ್ತು. ಗಾಳಿಗೆ ಬೀಳೂ ಹಂಗ ಇದ್ದವು. ಕುರಿ ಕಡೆ ನೋಡೂದು ದೂರ ಉಳೀತು, ನಿಲ್ಲಾಕ ತ್ರಾಣ ಇರಲಿಲ್ಲ. ಕೊಯ್ದ್ ಮ್ಯಾಲ ಏನಾತು ಹೇಳಲೇನು? ನಾತ ಹಂಗ ಇತ್ತು. ಗಿರಾಕಿ ಹೊಳ್ಳಿ ತಂದು ನನ್ನ ಮಾರಿಗೆ ಒಗದ್ರು. ಉಪಾಸ ಕೆಡವಿದ್ರ ಟಗರು ಸೊರಗತೈತಿ ಮಾಲಿಂಗಣ್ಣಾ. ಖಸ್ಸಿ ಆಗಂಗಿಲ್ಲ."

ಮಾಲಿಂಗಪ್ಪ ಮುಖ ಈಚೆ ತಿರುಗಿಸಿ, "ಅದು ಖರೆ," ಎಂದ.

ಡಾಕ್ಟರ ಮಾತು, ನನ್ನ ಮಾತು ಹೋಗದ ಕಡೆ ಕಾಸೀಮಸಾಬನ ಮಾತು ಹೋಯಿತೋ, ಏಳದ ಕಾಲುಗಳೇ ಅವನನ್ನು ಒಪ್ಪಿಸಿದವೋ, ನಾನು ಹೇಳಲಾರೆ. ಕೇಳಿದರೆ ಅವನೂ ಹೇಳಲಾರ. ಡಾಕ್ಟರು ಬಂದಾಗ ಅವನು ಕೇಳಿದ್ದು ಒಂದೇ ಪ್ರಶ್ನೆ.

"ನರ ಮೊದ್ಲ ಕಟ್ಟತೀರೋ, ಮೊದ್ಲ ಕೊಯ್ಯತೀರೋ?"

"ಮೊದ್ಲ ಕಟ್ಟತೀವಿ ಅಜ್ಜಾರ."

"ಚಲೋ," ಎಂದ. ಬಟ್ಟೆ ಬದಲಿಸಲು ಬಂದ ನರ್ಸಿಗೆ ಕೈ ಮುಗಿದು, ತಾನೇ ಅಂಗಿಯ ಗುಂಡಿ ಬಿಚ್ಚಿದ.

ಆಪರೇಶನ್ನು ಅರ್ಧ ತಾಸಿನ ಕೆಲಸವೂ ಆಗಲಿಲ್ಲ. ಬೆನ್ನಿಗೆ ಕರೆಂಟು ಕೊಡುವುದು ಕೆಲವು ದಿನ ನಡೆಯಿತು. ಮೂರನೆಯ ವಾರದಲ್ಲಿ ಅವನು ಮಂಚದ ಪಟ್ಟಿ ಹಿಡಿದು ನಿಂತ. ದೀಪಾವಳಿಯ ಹೊತ್ತಿಗೆ ಬಡಿಗೆ ಹಿಡಿದು ಓಣಿಯ ತುದಿಯವರೆಗೆ ಹೋಗಿ ಬರುತ್ತಿದ್ದ. ರೋಗ ಹೋಗಿಲ್ಲ, ಮಲಗಿದೆ. ಎಷ್ಟು ದಿನ ಮಲಗುತ್ತದೆಂದು ಹೇಳಲು ಆಗುವುದಿಲ್ಲ ಎಂದು ಡಾಕ್ಟರು ತಿಳಿಸಿದ್ದರು. ಹಿಂಡಿನ ಹಿಂದೆ ಹೋಗುವ ಮಾತು ಮುಗಿಯಿತು. ಆದರೆ ಕಾಲು ಉಳಿದಿದ್ದವು, ಅರ್ಧಕ್ಕಿಂತ ಹೆಚ್ಚು. ಕುರುಬರು ಜಗಳ ಬಿಡಿಸಿಕೊಳ್ಳಲು ಅವನ ಕಟ್ಟೆಗೆ ಬರುವುದನ್ನೂ ನಿಲ್ಲಿಸಲಿಲ್ಲ. ಅವರಿಗೆ ಆಪರೇಶನ್ನಿನ ವಿಷಯ ಗೊತ್ತಿತ್ತು. ಒಬ್ಬಿಬ್ಬರು ಹಿಂದಿನಿಂದ ನಕ್ಕರು ಎಂಬುದೂ ಸುಳ್ಳಲ್ಲ. ನಕ್ಕವರೂ ತಮ್ಮ ಜಗಳ ಹೊತ್ತು ಅಲ್ಲಿಗೇ ಬಂದರು.

ಮಾಗಿಯ ಚಳಿಯಲ್ಲಿ ಒಂದು ಮಧ್ಯಾಹ್ನ ನಾನು ಹೋದಾಗ ಅವನು ಪಡಸಾಲೆಯಲ್ಲಿ ಕಂಬಳಿ ಹೊದ್ದು ಕುಂತಿದ್ದ. ಬಟ್ಟಲಲ್ಲಿ ಬೇಳೆ, ಸೊಪ್ಪು. ಡಾಕ್ಟರು ಹೇಳಿದಂತೆ ಉಣ್ಣುತ್ತಿದ್ದ. ದುಂಡವ್ವ ಅತ್ತ ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದಳು. ಮಾತಾಡುತ್ತ ಆಡುತ್ತ ಅವನು ಇದ್ದಕ್ಕಿದ್ದಂತೆ ಕಂಬಳಿ ಕಿತ್ತು ಒಗೆದ. ಮುಖ ಕೆಂಪಾಯಿತು, ಕುತ್ತಿಗೆಯಿಂದ ಬೆವರು ಇಳಿಯಿತು. ಎದೆ ಹಿಡಿದುಕೊಂಡು ನನ್ನ ಕಡೆ ನೋಡಿದ. ಆ ಕಣ್ಣುಗಳಲ್ಲಿ ಬೆಳಗಾವಿಯ ದವಾಖಾನೆಯಲ್ಲೂ ಕಾಣದ ಭಯವಿತ್ತು.

"ಸಾಹೇಬ್ರ, ಒಳಗ ಉರಿ ಎದ್ದೈತಿ. ಮುಗೀತ ಅಂತ ಕಾಣತೈತಿ."

ಹಾರ್ಮೋನು ನಿಂತವರಿಗೆ ಹೀಗಾಗುತ್ತದೆ ಎಂದು ಡಾಕ್ಟರು ನನಗೆ ಹೇಳಿದ್ದರು. ನಾನು ಅದನ್ನು ವಿವರಿಸಲು ಬಾಯಿ ತೆಗೆಯುವುದರೊಳಗೆ ದುಂಡವ್ವ ಮೊರ ಇಟ್ಟು ಎದ್ದಳು. ಅವಸರವಿಲ್ಲ. ಹರವಿಯ ನೀರಿನಲ್ಲಿ ಅರಿವೆ ಅದ್ದಿ, ಹಿಂಡಿ, ಅವನ ಹಣೆಯ ಮೇಲಲ್ಲ, ಕುತ್ತಿಗೆಯ ಹಿಂದೆ ಇಟ್ಟಳು.

"ಎದಿ ಬಿಡು. ಉಸರು ಮೆಲ್ಲಕ ಬಿಡು. ಹೆದರಬ್ಯಾಡ, ಇದು ಬಂದಂಗ ಹೋಗತೈತಿ. ಬೆವರು ಆರಿದ್ ಮ್ಯಾಲ ಚಳಿ ಹತ್ತತೈತಿ, ಆವಾಗ ಕಂಬಳಿ ಹೊದಸ್ತೀನಿ."

ಹಾಗೆಯೇ ಆಯಿತು. ಉರಿ ಇಳಿಯಿತು, ಆಮೇಲೆ ಮೈ ನಡುಗಿತು, ಅವಳು ಕಂಬಳಿ ಹೊದಿಸಿದಳು.

"ನಿನಗ ಹೆಂಗ ಗೊತ್ತು?" ಎಂದು ಕೇಳಿದ ಮಾಲಿಂಗಪ್ಪ.

"ನನಗ ಬಂದಿತ್ತಲ್ಲ. ಮುಟ್ಟು ನಿಂತಾಗ."

"ಎಷ್ಟ ದಿವಸ?"

"ದಿವಸ ಅಲ್ಲ. ನಾಕೈದ ವರ್ಷ."

"ನನ್ನ ಮುಂದ ಹೇಳಲೇ ಇಲ್ಲಲ."

"ಹೇಳಿದ್ನಿ. ಹೆಣ್ಣಮಕ್ಕಳ ಸೋಗು ಅಂದಿ. ಕುರಿ ಹೊಡಕೊಂಡು ಹೋದಿ."

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ನಿನ್ನೆ ಸಂತೆಯಲ್ಲಿ ಏನು ತಂದಿ ಎಂದು ಕೇಳಿದರೆ ಹೇಳುವ ಹಾಗೆ ಹೇಳಿದಳು. ತಿರುಗಿ ಹೋಗಿ ಮೊರ ಎತ್ತಿಕೊಂಡಳು. ನಾನು ಎದ್ದು ಹೋಗಬೇಕಿತ್ತು, ಏಳಲು ಆಗಲಿಲ್ಲ. ಮಾಲಿಂಗಪ್ಪ ಕುತ್ತಿಗೆಯ ಹಿಂದಿನ ಒದ್ದೆ ಅರಿವೆ ತೆಗೆದು ಕೈಯಲ್ಲಿ ಹಿಡಿದುಕೊಂಡು, ಅದನ್ನೇ ನೋಡುತ್ತ ಕುಂತ.

"ಆವಾಗ ನಿನ್ನ ಕುತಗಿಗೆ ಅರಿವಿ ಯಾರು ಇಡತಿದ್ರು?" ಎಂದು ಕೇಳಿದ.

ದುಂಡವ್ವ ಜೋಳದಿಂದ ತಲೆ ಎತ್ತಲಿಲ್ಲ.

"ಯಾರು ಇಡತಾರ," ಎಂದಳು. "ನಾನ ಇಟ್ಕೋತಿದ್ನಿ."